ವಾಲ್‌ನಟ್ ಸ್ಟಾಕು

ಮೌಂಟನ್ ವ್ಯೂ
ಗುರುವಾರ, ೨೪ ಮೇ ೨೦೦೧

ನನ್ನ ರಮಕ್ಕನಿಗೆ,

ಮೈಸೂರಿನಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ನೀನು ಮೊದಲ ಪುಟ ಹಾರಿಸಿ ಓದುತ್ತೀಯ. ನಿನ್ನೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ಹೋದ ವಾರ ಹಾಕಿದ ಪತ್ರ ಇಷ್ಟರಲ್ಲೇ ತಲುಪುತ್ತದೆ, ಅದನ್ನು ಭಾವನಿಗೆ ತೋರಿಸಬೇಡ. "ಯಾಕೆ, ಏನಾಯ್ತೇ?" ಎಂದು ನೀನು ಮೂರು ಸಲ ಕೇಳಿದೆ. ಮೂರು ಸಲವೂ ನಾನು ಇಲ್ಲಿಯ ಬಿಸಿಲಿನ ಸುದ್ದಿ ಹೇಳಿದೆ. ಇವರು ಪಕ್ಕದಲ್ಲೇ ವಿಭಾಳಿಗೆ ಹೋಂವರ್ಕ್ ಮಾಡಿಸುತ್ತ ಕೂತಿದ್ದರು. ಈಮೇಲ್ ಮಾಡೋಣವೆಂದರೆ ಆ ಅಕೌಂಟು ತೆರೆದುಕೊಟ್ಟವರೂ ಇವರೇ, ಪಾಸ್‌ವರ್ಡ್ ಇಟ್ಟವರೂ ಇವರೇ. ಅದಕ್ಕೇ ಈ ಕಾಗದ.

ಆ ಪತ್ರದಲ್ಲಿ ಏನಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಇವರಿಗೆ ಬೇರೆ ಯಾರೋ ಇದ್ದಾರೆ, ನಾನು ವಿಭಾಳನ್ನು ಕರೆದುಕೊಂಡು ಜೂನ್ ಒಂಬತ್ತಕ್ಕೆ ಹೊರಟುಬರುತ್ತೇನೆ, ಗುರುಪ್ರಸಾದ ಭಾವ ವಕೀಲರಾದ್ದರಿಂದ ಮುಂದೇನು ಮಾಡಬೇಕೋ ಕೇಳಿಡು ಎಂದು ಬರೆದಿದ್ದೇನೆ. ಎದೆ ಒಡೆದುಕೊಳ್ಳಬೇಡ. ಆ ಟಿಕೆಟ್ ರದ್ದು ಮಾಡಿಸಿದ್ದಾಯಿತು.

ಚಿಕ್ಕಂದಿನಲ್ಲಿ ನೀನು ನನಗೆ ಇಟ್ಟ ಹೆಸರು ಸಿ.ಐ.ಡಿ. ಶೈಲಾ. ಹಾಲಿಗೆ ಹಾಕಿದ ನೀರು, ಡಬ್ಬದಲ್ಲಿ ಕಡಿಮೆಯಾದ ಕೊಬ್ಬರಿ ಮಿಠಾಯಿ, ಎಲ್ಲವನ್ನೂ ಹಿಡಿಯುತ್ತಿದ್ದೆನಲ್ಲ. ಆ ಬುದ್ಧಿ ಸಮುದ್ರ ದಾಟಿದರೂ ಬಿಟ್ಟಿಲ್ಲ. ಏಪ್ರಿಲ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಊಟದ ಡಬ್ಬಿ. ಮದುವೆಯಾಗಿ ಒಂಬತ್ತು ವರ್ಷ, ಒಂದು ದಿನವೂ ಇವರು ಆಫೀಸಿನಿಂದ ತೊಳೆದ ಡಬ್ಬಿ ತಂದವರಲ್ಲ. ಈಗ ದಿನಾ ಫಳಫಳ. ಗಂಡಸಿಗೆ ಇದ್ದಕ್ಕಿದ್ದಂತೆ ಡಬ್ಬಿ ತೊಳೆಯುವ ಬುದ್ಧಿ ಬಂದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ?

ಆಮೇಲೆ ಸ್ನಾನ. ಬಾಗಿಲು ತೆಗೆದೊಡನೆ ಯಾರನ್ನೂ ಮುಟ್ಟದೆ, ಮಗಳು ಓಡಿಬಂದರೂ ಕೈ ಮೇಲೆತ್ತಿಕೊಂಡು, ಸೀದಾ ಬಚ್ಚಲಿಗೆ. ಕೇಳಿದರೆ ಟ್ರೈನಿನಲ್ಲಿ ಧೂಳು ಎಂದರು. ಕ್ಯಾಲ್‌ಟ್ರೈನ್‌ನಲ್ಲಿ ಎಲ್ಲಿಯ ಧೂಳು! ಬಿಚ್ಚಿಟ್ಟ ಶರಟನ್ನು ಮೂಸಿ ನೋಡಿದೆ. ನಗಬೇಡ, ನೀನೂ ಮೂಸುತ್ತಿದ್ದೆ. ಸೆಂಟಿನ ವಾಸನೆ ಇರಲಿಲ್ಲ, ಅಗಸೆ ಎಣ್ಣೆಯ ವಾಸನೆ ಇತ್ತು. ನಮ್ಮ ಅಣ್ಣ ಕ್ರಿಕೆಟ್ ಬ್ಯಾಟಿಗೆ ಹಚ್ಚಿ ಮಹಡಿ ಮೆಟ್ಟಿಲ ಮೇಲೆ ಒಣಗಿಸುತ್ತಿದ್ದನಲ್ಲ, ಅದೇ. ಆಫೀಸಿನವರ ಜೊತೆ ಕ್ರಿಕೆಟ್ ಶುರುಮಾಡಿದ್ದೀರಾ ಎಂದು ಕೇಳಿದೆ. ಹೂಂ ಎಂದರು. ಯಾವ ಬ್ಯಾಟು ಎಂದೆ. ನಲ್ಲಿ ತಿರುಗಿಸಿಬಿಟ್ಟರು.

ಒಂದು ದಿನ ಗಡ್ಡ ಹೆರೆಯುತ್ತ ಕನ್ನಡಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು: ವಾಲ್‌ನಟ್ ಸ್ಟಾಕು ಸ್ವಲ್ಪ ಭಾರ, ಆದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಈ ಊರಿನಲ್ಲಿ ಸ್ಟಾಕು ಎಂದರೆ ಒಂದೇ ಅರ್ಥ. ದೇವಸ್ಥಾನದ ಪ್ರಸಾದದ ಸಾಲಿನಲ್ಲೂ ಅದೇ ಮಾತು, ಸೀಮಂತದಲ್ಲೂ ಅದೇ ಮಾತು. ಎಲ್ಲರ ಷೇರೂ ನೆಲಕಚ್ಚಿರುವಾಗ ನನಗೆ ಹೇಳದೆ ಯಾವುದಕ್ಕೋ ಕೈಹಾಕಿದ್ದಾರೆ ಎಂದುಕೊಂಡೆ. ಎವರ್‌ಗ್ರೀನ್ ಬಡಾವಣೆಯಲ್ಲಿ ಇವರ ಸ್ನೇಹಿತ ರಮೇಶ್ ಇದ್ದಾರೆ, ಹಾಸನದ ಕಡೆಯವರು, ಊಟ ಬಿಟ್ಟರೂ ಷೇರು ಬಿಡದ ಮನುಷ್ಯ. ಫೋನ್ ಮಾಡಿ ವಾಲ್‌ನಟ್ ಅಂತ ಒಂದು ಸ್ಟಾಕು ಇದೆಯಾ ಎಂದು ಕೇಳಿದೆ. ಅರ್ಧ ಗಂಟೆ ಹುಡುಕಿ ವಾಪಸ್ ಮಾಡಿದರು. "ಲಿಸ್ಟಲ್ಲೇ ಇಲ್ಲ ಮೇಡಂ. ಇನ್ನೂ ಮಾರ್ಕೆಟ್ಟಿಗೆ ಬಂದಿರಲ್ಲ, ಒಳಗಿನೋರಿಗೆ ಮಾತ್ರ ಕೊಡ್ತಿರ್ತಾರೆ. ನಂಗೂ ಸ್ವಲ್ಪ ಕೊಡ್ಸೋಕೆ ಹೇಳಿ, ಪ್ಲೀಸ್!" ಎಂದರು.

ಹೋದ ವಾರ ಇವರ ಆಫೀಸಿಗೇ ಫೋನ್ ಮಾಡಿದೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದಳು ಫೋನೆತ್ತಿದ ಹುಡುಗಿ. ಕೆಲಸ ಹೋಗಿದೆ ಎಂದಾಯಿತು. ಆದರೆ ಅದೇ ಬೆಳಿಗ್ಗೆ ಇವರು ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು, ಸೈಕಲ್ ಹತ್ತಿ, ಸ್ಟೇಷನ್ನಿಗೆ ಹೋಗಿದ್ದರು. ಮತ್ತೆ ಹೋಗುತ್ತಿರುವುದೆಲ್ಲಿಗೆ? ಅವತ್ತೇ ಟಿಕೆಟ್ ಮಾಡಿಸಿದೆ, ಅವತ್ತೇ ನಿನಗೆ ಬರೆದೆ.

ಮಂಗಳವಾರ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಚೀಲ ತಡಕಿದೆ. ಹೆಂಗಸಿನ ಫೋಟೋ ಸಿಕ್ಕೀತೆಂದು ತಯಾರಾಗಿದ್ದೆ. ಸಿಕ್ಕಿದ್ದು ಬಂದೂಕಿನ ಕ್ಯಾಟಲಾಗು. ದೊಡ್ಡ ಪ್ರಾಣಿಗಳ ಬೇಟೆಗೆ ಎಂದು ಬರೆದಿದ್ದ ಪುಟದಲ್ಲಿ ಒಂದು ರೈಫಲ್ಲಿನ ಸುತ್ತ ಪೆನ್ಸಿಲಿನ ಸುತ್ತು. ಭುಜಕ್ಕೆ ಆನಿಸಿಕೊಳ್ಳುವ ಮರದ ಭಾಗಕ್ಕೆ ಬಾಣ ಹಾಕಿ ತೋರಿಸಿದ್ದರು: ವಾಲ್‌ನಟ್ ಸ್ಟಾಕ್. ಅಕ್ರೋಟಿನ ಮರ ಅಕ್ಕ! ಅಂಚಿನಲ್ಲಿ ಇವರದೇ ಗುಂಡುಗುಂಡು ಕನ್ನಡದಲ್ಲಿ, "ಯಾವುದನ್ನು? ಎಷ್ಟು ದೂರದಿಂದ? ಒಬ್ಬನೇ ಹೋಗುವುದೋ? ಭುಜ ತಡೆಯುತ್ತದೋ?"

ಬಚ್ಚಲಿನಲ್ಲಿ ನೀರು ಬೀಳುತ್ತಲೇ ಇತ್ತು. ಬೇರೆ ಹೆಂಗಸೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು, ದೇವರಾಣೆಗೂ. ಏಕಾದಶಿಗೆ ನೀರನ್ನೂ ಅಳೆದು ಕುಡಿಯುವ ಮನುಷ್ಯ ಬಂದೂಕು ತಂದು ಯಾರನ್ನು ಹೊಡೆಯಬೇಕು? ಕೆಲಸದಿಂದ ತೆಗೆದವರನ್ನೋ, ತನ್ನನ್ನೇ ತಾನೋ?

ಕ್ಯಾಟಲಾಗಿನ ಹಿಂದೆ ಅಂಗಡಿಯ ಸೀಲು ಇತ್ತು, ರೆಡ್‌ವುಡ್ ಸಿಟಿಯ ಹತ್ತಿರ, ಎಲ್ ಕಮಿನೋ ರಸ್ತೆಯಲ್ಲಿ. ಅವತ್ತು ನಾನು ಡೇಕೇರಿನ ಕೆಲಸಕ್ಕೆ ರಜೆ ಹಾಕಿ ಕಾರು ತೆಗೆದೆ. ಇಂಥವರಿಗೆ ಬಂದೂಕು ಮಾರಬೇಡಿ ಎಂದು ಕಾಲು ಹಿಡಿದಾದರೂ ಹೇಳಿಬರುವುದು ಎಂದುಕೊಂಡು ಒಳಗೆ ಹೋದೆ.

ಕೌಂಟರಿನ ಹಿಂದೆ ಇವರು ನಿಂತಿದ್ದರು.

ಕೊಳ್ಳಲಿಕ್ಕಲ್ಲ, ಮಾರಲಿಕ್ಕೆ. ಹಸಿರು ಬನಿಯನ್ನಿನಂಥ ಕೋಟು, ಎದೆಯ ಮೇಲೆ ಹೆಸರಿನ ಚೀಟಿ: ಆಂಡಿ. ಆನಂದತೀರ್ಥ ಎಂಬ ಹೆಸರು ಆ ಚೀಟಿಯಲ್ಲಿ ಹಿಡಿಸಲಿಲ್ಲವೇನೋ. ಗಂಡನ ಹೆಸರು ಹೇಳಬಾರದು ಎಂದು ನಮ್ಮಜ್ಜಿ ಕಲಿಸಿದ್ದರಲ್ಲ, ಇದನ್ನಾದರೆ ಧಾರಾಳವಾಗಿ ಕೂಗಬಹುದಿತ್ತು. ಬೇಟೆಗೆ ಹಾಕುವ ಎಲೆಬಣ್ಣದ ಕೋಟುಗಳನ್ನು ಸಾಲಾಗಿ ನೇತುಹಾಕಿದ್ದರು. ಕೂಗದೆ ಅವುಗಳ ಹಿಂದೆ ಸೇರಿಕೊಂಡೆ.

ಒಬ್ಬ ಆಜಾನುಬಾಹು ಗಿರಾಕಿ, ಅಕ್ಟೋಬರ್‌ನಲ್ಲಿ ಎಲ್ಕ್ ಹೊಡೆಯಲು ಕೊಲೊರಾಡೋಗೆ ಹೋಗುವವನು. ಎಲ್ಕ್ ಎಂದರೆ ನಮ್ಮ ಕಡವೆಗಿಂತ ದೊಡ್ಡದಂತೆ. ಇವರು ಅದೇ ನಾಲ್ಕು ಪ್ರಶ್ನೆ ಕೇಳಿದರು, ಇಂಗ್ಲಿಷಿನಲ್ಲಿ: ಯಾವುದನ್ನು, ಎಷ್ಟು ದೂರದಿಂದ, ಒಬ್ಬನೇನಾ, ಭುಜ ಹೇಗಿದೆ. ಅವನಿಗೆ ಎಲ್ಲಕ್ಕಿಂತ ದೊಡ್ಡ ತೋಟಾ ಹಿಡಿಸುವುದೇ ಬೇಕಿತ್ತು. ಬೇಡ ಎಂದರು ಇವರು. ಅದು ಭುಜಕ್ಕೆ ಒದೆಯುತ್ತದೆ, ಎರಡು ಸಲ ಒದೆಸಿಕೊಂಡ ಮೇಲೆ ಗುಂಡು ಹಾರುವ ಮೊದಲೇ ನೀವು ಬೆದರುತ್ತೀರಿ, ಗುರಿ ತಪ್ಪುತ್ತದೆ, ಪ್ರಾಣಿ ಹೊಟ್ಟೆಗೆ ಪೆಟ್ಟು ತಿಂದು ಒಂದು ಹಗಲೆಲ್ಲ ನಡೆದು ಸಾಯುತ್ತದೆ. ಹಾಗಾಗಬಾರದು. ಹೊಡೆಯುವುದಾದರೆ ಒಂದೇ ಏಟಿಗೆ ಹೋಗಬೇಕು ಎಂದರು. ಚಿಕ್ಕ ತೋಟಾದ್ದು, ವಾಲ್‌ನಟ್ ಸ್ಟಾಕಿನದು, ಕೈಗೆ ಕೊಟ್ಟರು. ಮರದ ಭಾರವೇ ಒದೆತವನ್ನು ಅರ್ಧ ನುಂಗುತ್ತದೆ ಎಂದರು. ಕಣ್ಣು ಮುಚ್ಚಿ ಭುಜಕ್ಕೇರಿಸಿ, ಆಮೇಲೆ ಕಣ್ಣು ಬಿಡಿ, ಗುರಿಕಡ್ಡಿ ನೇರ ಕಣ್ಣೆದುರಿಗೆ ಬಂದರೆ ಅದು ನಿಮ್ಮದು. ಅವನು ಗುಂಡು ಒಳಗೆ ಸೇರಿಸುವ ಬೋಲ್ಟ್ ಎಳೆದು ನೋಡಿದ. ಪ್ರತಿ ಗುಂಡಿಗೂ ಹೀಗೆ ಕೈಯಾರೆ ಎಳೆಯಬೇಕಾ ಎಂದು ಗೊಣಗಿದ. ಅದೇ ಒಳ್ಳೆಯದು, ಇನ್ನೊಂದು ಗುಂಡು ಬೇಕೋ ಬೇಡವೋ ಯೋಚಿಸಲು ಅಷ್ಟಾದರೂ ಹೊತ್ತು ಸಿಗುತ್ತದೆ ಎಂದರು.

ನೀನು ಏನೇನು ಹೊಡೆದಿದ್ದೀಯ ಎಂದು ಅವನು ಕೇಳಿದ. ಜಿರಳೆಯನ್ನೂ ಹೊಡೆದಿಲ್ಲ, ಮನೆಯಲ್ಲಿ ಆ ಖಾತೆ ಹೆಂಡತಿಯದು, ಆಕೆಯ ಗುರಿ ತಪ್ಪುವುದಿಲ್ಲ ಎಂದರು ಇವರು. ಅವನು ಅಂಗಡಿ ಹಾರಿಹೋಗುವ ಹಾಗೆ ನಕ್ಕು, ಅದೇ ರೈಫಲ್ ಕೊಡು ಎಂದ. ಕೊಂಡರೂ ಇವತ್ತೇ ಕೈಗೆ ಸಿಗುವುದಿಲ್ಲ, ಈ ರಾಜ್ಯದಲ್ಲಿ ಹತ್ತು ದಿನ ಕಾಯಬೇಕು ಎಂದು ಇವರು ಕಾಗದ ತುಂಬಿಸಿದರು. ಆಮೇಲೆ ಬಟ್ಟೆಗೆ ಎಣ್ಣೆ ಅದ್ದಿ ಆ ಮರವನ್ನು ಒರೆಸತೊಡಗಿದರು, ವಿಭಾ ಹುಟ್ಟಿದಾಗ ತಲೆಗೆ ಎಣ್ಣೆ ತಟ್ಟುತ್ತಿದ್ದರಲ್ಲ, ಹಾಗೆ.

ಸದ್ದಾಗದಂತೆ ಹೊರಗೆ ಬಂದು ಕಾರಿನಲ್ಲಿ ಅತ್ತೆ. ಸ್ನಾನ ಯಾಕೆಂದು ಆಗ ಗೊತ್ತಾಯಿತು. ಬೇಟೆಯ ಸಾಮಾನು ಮುಟ್ಟಿದ ಮೈಯಲ್ಲಿ ಮಗಳನ್ನು ಎತ್ತಿಕೊಳ್ಳಬಾರದು, ಸಂಧ್ಯಾವಂದನೆಗೆ ಕೂರಬಾರದು. ಡಬ್ಬಿ ತೊಳೆಯುವುದೂ ಅದಕ್ಕೇ.

ಆದರೂ ಕೋಪ ಇಳಿದಿಲ್ಲ ಅಕ್ಕ. ಎರಡು ತಿಂಗಳು ನನ್ನೆದುರು ನಾಟಕ ಆಡಿದರಲ್ಲ. ಯಾಕೆ ಹೇಳಲಿಲ್ಲ ಎಂದು ಬೈಯುತ್ತಲೇ ಮನೆಗೆ ಬಂದೆ. ಕಾರು ನಿಲ್ಲಿಸುವಾಗ ಎದುರು ಮನೆಯ ಗೌತಮ್ ಕಂಡ, ಜನವರಿಯಲ್ಲಿ ಕೆಲಸ ಹೋದವನು. ಆಗ ನಾನು ಊಟಕ್ಕೆ ಬಡಿಸುತ್ತ ಹೇಳಿದ ಮಾತು ನೆನಪಾಯಿತು. "ಗಂಡಸಾಗಿ ಮನೇಲಿ ಹೇಗೆ ಕೂತ್ಕೋತಾನೋ! ಅವನ ಹೆಂಡ್ತಿ ಜಾಗದಲ್ಲಿ ನಾನಿದ್ದಿದ್ರೆ ಮಗೂನ ಎತ್ಕೊಂಡು ಊರಿಗೆ ಹೊರಟೇಬಿಡ್ತಿದ್ದೆ." ಇವರು ತಲೆ ಎತ್ತದೆ ಮೊಸರನ್ನ ಕಲಸುತ್ತಿದ್ದರು. ಹೇಳದಿರಲು ಕಾರಣ ನಾನೇ.

ಹಾಗಾಗಿ ನಾನೂ ಹತ್ತು ದಿನ ಕಾಯುತ್ತೇನೆ. ತಾವಾಗಿ ಹೇಳಲಿ. ಹೇಳಿದಾಗ ಏನೂ ಗೊತ್ತಿಲ್ಲದವಳಂತೆ ಕೇಳಿಸಿಕೊಳ್ಳುತ್ತೇನೆ. ಬಂದೂಕಿನ ವಿಷಯ ಇವರ ಅಪ್ಪ ಅಮ್ಮನ ಕಿವಿಗೆ ಬೀಳದಿರಲಿ. ಆ ಪತ್ರ ಒಲೆಗೆ ಹಾಕು.

ನಿನ್ನ
ಸಿ.ಐ.ಡಿ. ಶೈಲಾ

ಮರೆತ ಮಾತು, ಶುಕ್ರವಾರ ಸಂಜೆ: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಈಗ ಡಬ್ಬಿ ತೆರೆದೆ. ತೊಳೆದು ಒರೆಸಿದ ಡಬ್ಬಿಯೊಳಗೆ ಒಂದು ಚೀಟಿ, ಇವರ ಗುಂಡುಗುಂಡು ಅಕ್ಷರ. "ಕೋಟುಗಳ ಹಿಂದೆ ಅರ್ಧ ಗಂಟೆ ನಿಂತಿದ್ದ ಗಿರಾಕಿಗೆ: ಕೆಳಗಡೆ ಕಾಲುಂಗುರ ಕಾಣ್ತಿತ್ತು. ಒಂದು ಕುರ್ಚಿ ಕೊಡೋಣ ಅನ್ನಿಸ್ತು, ಧೈರ್ಯ ಬರ್ಲಿಲ್ಲ. ಮೂರು ದಿನ ಆಯ್ತು, ನೀನೇ ಕೇಳ್ತೀಯ ಅಂತ ಕಾಯ್ತಾ ಇದೀನಿ. ಒಂಬತ್ತನೇ ತಾರೀಖಿನ ಟಿಕೆಟ್ ಇನ್ನೂ ಇದ್ಯಾ?"

ಇತ್ತು ಅಕ್ಕ. ಟ್ರಾವೆಲ್ಸಿನವರು ಈಮೇಲಿಗೂ ಕಳಿಸಿದ್ದನ್ನು ನೋಡಿರಬೇಕು, ಪಾಸ್‌ವರ್ಡ್ ಇವರದೇ ತಾನೆ. ಮೇಲೆ ರದ್ದು ಮಾಡಿಸಿದ್ದಾಯಿತು ಎಂದು ಬರೆದದ್ದು ಸುಳ್ಳು. ಬಚ್ಚಲಿನಲ್ಲಿ ನೀರಿನ ಸದ್ದು ನಿಲ್ಲುವುದರೊಳಗೆ ಟ್ರಾವೆಲ್ಸಿನವರಿಗೆ ಫೋನ್ ಮಾಡಿ, ಈಗ ಮಾಡಿಸಿದೆ.