ಚಿಪ್ಪಿನ ಗುಳಿಗೆ

ಭಾಲ್ಕಿ
18 ಜನವರಿ 2025

ಪ್ರೀತಿಯ ಬಸವೇಶ್ವರಿಗೆ,

ನಿನ್ನವ್ವನ ಶರಣು. ಔರಾದಿನಲ್ಲಿ ನೀನು, ಅಳಿಯಂದಿರು, ಕೂಸು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಕಾಲು ಚಾಚಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಬೀದರಿನ ದವಾಖಾನೆ ಕಂಡು ಬಂದ ಮೇಲೆ ಓಡಾಟ ಬಿಟ್ಟಿದ್ದಾರೆ. ಊರಿಗೆಲ್ಲ ಬುದ್ಧಿ ಹೇಳುವುದನ್ನು ಮಾತ್ರ ಬಿಟ್ಟಿಲ್ಲ.

ಚಿದ್ರಿಯಿಂದ ನಿಮ್ಮ ದೊಡ್ಡಪ್ಪನ ಮಗ ಅಮಿತಕುಮಾರ ಬಂದಿದ್ದ. ಅವನದು ಈಗ ಗುಳಿಗೆಯ ಬಾಟಲಿ ಮಾರುವ ಧಂದೆ. "ಕಾಕಾ, ಇದು ಸಮುದ್ರದ ಮಾಲ್ ಅದರಿ. ರಕ್ತ ಗಟ್ಟಿ ಆಗಾಕ ಬಿಡಂಗಿಲ್ಲರಿ" ಎಂದ. ರಕ್ತ ತೆಳುವಾಗಲೆಂದು ಡಾಕ್ಟರು ಕೊಟ್ಟ ಗುಳಿಗೆಯ ಜೊತೆಗೆ ಅದನ್ನೂ ನುಂಗುವುದು ಶುರುವಾಯಿತು. ಪಕ್ಕದ ಮನೆಯ ಶೈಸ್ತಾಳಿಂದ ಬಾಟಲಿಯ ಚೀಟಿ ಓದಿಸಿದೆ. ಕಪ್ಪೆಚಿಪ್ಪಿನೊಳಗಿನ ಹುಳುವಿನ ಮಾಂಸದ ಸಾರವಂತೆ! ಅವಳು ಮೊಬೈಲಿನಲ್ಲೂ ಹುಡುಕಿ, "ಗಾಜಿನ ನಳಿಗ್ಯಾಗ ನೋಡ್ಯಾರಂತ ಚಾಚಿ, ಮನಷ್ಯಾರಿಗಿ ಕೊಟ್ಟು ನೋಡಿಲ್ಲಂತ" ಎಂದಳು.

ನಿಮ್ಮಪ್ಪನಿಗೆ ಹೇಳಿದೆ. ವಾಂತಿ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. "ದವಾಕ್ಕ ಎಂಥಾ ಮೈಲಿಗಿ?" ಎಂದು ಇನ್ನೊಂದು ನುಂಗಿದರು. "ಖಂಡ ತಿನ್ನೋರ ಮನಿ ನೀರು ಮುಟ್ಟಂಗಿಲ್ಲ" ಎಂದು ನಿನ್ನ ಮದುವೆಯಾದಾಗಿನಿಂದ ನಿನ್ನ ಹೊಸ್ತಿಲು ತುಳಿಯದ ಮಹಾಶರಣರು ಇವರೇ! ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ಬದನೆಕಾಯಿಯಾದರೂ ಕಾಯಿಪಲ್ಯ. ಬಾಟಲಿ ಇಟ್ಟಿದ್ದು ಎಲ್ಲಿ ಗೊತ್ತೇ? ಲಿಂಗಪೂಜೆಯ ಗೂಡಿನಲ್ಲಿ, ವಿಭೂತಿಯ ಪಕ್ಕ.

ನಿನ್ನೆ ಗಡ್ಡ ಮಾಡಿಕೊಳ್ಳುವಾಗ ಕೆನ್ನೆಗೆ ತುಸು ಗಾಯವಾಯಿತು. ರಕ್ತ ನಿಲ್ಲಲೊಲ್ಲದು, ಟವೆಲ್ಲು ತೊಯ್ದುಹೋಯಿತು. ಆಗ ಆ ಮುಖ ನೋಡಬೇಕಿತ್ತು! ಅಮಿತಕುಮಾರ ಫೋನು ಎತ್ತಲಿಲ್ಲ. ಕೊನೆಗೆ ನನ್ನತ್ತ ತಿರುಗಿ, "ಔರಾದಕ್ಕ ಕೇಳು. ಅಂವಂದು ದವಾದ ಅಂಗಡಿ ಅದಲ್ಲ" ಎಂದರು.

"ಅಂವ ಅಂದ್ರ ಯಾರ್ರಿ?" ಎಂದೆ. ಸ್ವಪ್ನಿಲ ಎಂಬ ಅಳಿಯನ ಹೆಸರು ಅವರ ಬಾಯಿಂದ ಹೊರಡಲಿಲ್ಲ.

ರಕ್ತ ಬಹಳ ಹೊತ್ತಿಗೆ ನಿಂತಿತು. ಬಾಟಲಿ ಎತ್ತಿಟ್ಟಿದ್ದೇನೆ. ನಾಳೆ ಬೀದರಿನ ಡಾಕ್ಟರಿಗೆ ತೋರಿಸುತ್ತೇನೆ. ಆದರೂ ಅಳಿಯಂದಿರನ್ನು ಕೇಳಿ, ಈ ಪತ್ರ ತರುವ ಶೈಸ್ತಾಳ ಕೈಯಲ್ಲೇ ಉತ್ತರ ಕಳಿಸು. ನಿಮ್ಮಪ್ಪ ಎಂಥ ಮನುಷ್ಯನಾದರೂ ನನಗೆ ಇರುವುದು ಅವರೊಬ್ಬರೇ.

ಕೂಸಿನ ಹುಟ್ಟುಹಬ್ಬಕ್ಕೆ ನಾನೊಬ್ಬಳೇ ಬರುತ್ತೇನೆ. ನಿಮ್ಮತ್ತೆಯವರ ಕೈಯಿಂದ ನೀರು ಕುಡಿದು, ಉಂಡೇ ಏಳುತ್ತೇನೆ. ನಿಮ್ಮ ಸಂಸಾರವನ್ನು ಬಸವಣ್ಣ ಕಾಯಲಿ.

ನಿನ್ನವ್ವ,
ಗುರಮ್ಮ

ತಾ.ಕ.: ಆ ಚಿಪ್ಪಿನ ಹುಳುವಿಗೆ ಉದ್ದನೆಯದೊಂದು ಇಂಗ್ಲಿಷ್ ಹೆಸರಿದೆ. ನಿಮ್ಮಪ್ಪ ಅದನ್ನು ಬಾಯಿಪಾಠ ಮಾಡಿ, ಬಂದವರಿಗೆಲ್ಲ ತಪ್ಪಿಲ್ಲದೆ ಹೇಳುತ್ತಾರೆ. ಕೂಸಿಗೆ ವರ್ಷ ತುಂಬುತ್ತ ಬಂತು. ಅದರ ಹೆಸರೇನೆಂದು ನನ್ನನ್ನು ಒಮ್ಮೆಯೂ ಕೇಳಿಲ್ಲ.