ನೀರಿನ ಆರು ಅಣು

೧೧ ಡಿಸೆಂಬರ್, ಬುಧವಾರ. ನೌಬಾದ.

ಇವತ್ತೂ ಸಂಜೆಯ ತನಕ ಆ ಹಟಮಾರಿ ಅಣು ಹೊರಳಲಿಲ್ಲ. ಕಂಪ್ಯೂಟರಿನೊಳಗೆ ನಾನು ಕಟ್ಟಿದ ಈ ನೀರಿನ ಗುಂಪಿನಲ್ಲಿರುವುದೇ ಆರು ಅಣು. ಹೈಡ್ರೋಜನ್ನಿನ ನ್ಯೂಕ್ಲಿಯಸ್ ಎಷ್ಟು ಹಗುರವೆಂದರೆ, ಅಡ್ಡಗೋಡೆ ಹತ್ತುವ ಶಕ್ತಿ ಇಲ್ಲದಿದ್ದರೂ ಗೋಡೆಯೊಳಗಿಂದಲೇ ಆಚೆಗೆ ತೂರಿಬಿಡುತ್ತದೆ. ಆಗ ಅಣು ಹೊರಳುತ್ತದೆ. ವಾರದಿಂದ ಅದಕ್ಕೇ ಕಾದಿದ್ದೆ.

ಕೊನೆಗೆ ತಡೆಯಲಾರದೆ ಗೆಳತಿ ಜೇಬಾಗೆ ಪ್ರೋಗ್ರಾಮ್ ಕಳಿಸಿ ಫೋನ್ ಮಾಡಿದೆ. ಅವಳಿಗೆ ಔರಾದಿನ ಕಾಲೇಜಿನಲ್ಲಿ ಕೆಲಸ ಸಿಗುವ ತನಕ ನನ್ನ ಪಕ್ಕದ ಕುರ್ಚಿ ಅವಳದಾಗಿತ್ತು. ಲೆಕ್ಕ ಓಡಿಸುವ ಮೊದಲು ಒಬ್ಬಳು ಪ್ರೋಗ್ರಾಮಿನ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ನೋಡಿ ‘ಹೂಂ’ ಅನ್ನಬೇಕು. ಅದು ನಮ್ಮಿಬ್ಬರ ಪದ್ಧತಿ.

“ಉಜ್ವಲಾ, ಬಾಜೂದ ಅಣು ಕಟ್ಟಿಹಾಕಿದ್ದಿ ನೋಡು. ಅದು ಅಲುಗದೆ ಇದು ಒಂದೇ ಹ್ಯಾಂಗ ಹೊರಳ್ತದ? ಓದಿಲ್ಲೇನು?”

“ಓದೀನಿ.”

“ಯಾರ ಮುಂದ ಓದಿದಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಅವಳನ್ನು ಯಾರೋ ಕರೆದರು. “ಆಮ್ಯಾಲ ಮಾತಾಡ್ತೇನಿ,” ಎಂದಳು. ಮತ್ತೆ ಫೋನ್ ಮಾಡಲಿಲ್ಲ.

ಅವಳು ಹೇಳಿದ್ದೇ ಸರಿ. ಅಣುವನ್ನು ಅಲುಗದಂತೆ ಹಿಡಿದಿಡುವ ಹಳೆಯ ಸಾಲೊಂದು ಹಾಗೆಯೇ ಉಳಿದುಬಿಟ್ಟಿತ್ತು. ಅಳಿಸಿದೆ. ಎರಡೂ ಅಣುಗಳು ಜೊತೆಯಾಗಿ ಹೊರಳಿದವು, ಒಂದು ಇನ್ನೊಂದನ್ನು ಬಿಟ್ಟು ಹೊರಡದ ಹಾಗೆ. ಕುಣಿಯಬೇಕಿತ್ತು. ತಿರುಗಿ ನೋಡಿದರೆ ಪಕ್ಕದ ಕುರ್ಚಿಯ ಮೇಲೆ ನನ್ನದೇ ಸ್ವೆಟರ್.

ಈಗ ನಾಳೆಯ ಲೆಕ್ಕದ ಸಾಲುಗಳನ್ನು ಗಟ್ಟಿಯಾಗಿ ಓದಿ ಮುಗಿಸಿದೆ. ಪ್ರತಿ ಸಾಲಾದ ಮೇಲೂ ಒಂದು ‘ಹೂಂ’ ಹಿಡಿಯುವಷ್ಟು ಜಾಗ ಬಿಟ್ಟು.