ನೀನು ಡೇಲಿಯಾ ವಿಚಾರಿಸದ ಭಾನುವಾರ

ಹೊಸಹಳ್ಳಿ, ವಿಜಯನಗರ
ಬೆಂಗಳೂರು
ಸೆಪ್ಟೆಂಬರ್ ೧೬, ಮಂಗಳವಾರ

ಪ್ರೀತಿಯ ಕೀರ್ತು ಪುಟ್ಟಿಗೆ,

ನಿನ್ನ ತಾತ ಬೈರಪ್ಪನ ಆಶೀರ್ವಾದ. ಹೇಗಿದ್ದೀಯಮ್ಮ? ಮೈಯಲ್ಲಿ ಹುಷಾರಾಗಿದ್ದೀಯಾ? ಮಂಗಳೂರು ಕಡೆಯ ಸೆಕೆ ಒಗ್ಗಿತೇ? ಹಾಸ್ಟೆಲಿನ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುತ್ತಿದೆಯೇ? ಇಲ್ಲಿದ್ದಾಗ ಮುದ್ದೆ ಕಂಡರೆ ಮೂತಿ ತಿರುಗಿಸುತ್ತಿದ್ದವಳು ನೀನು, ಈಗ ಕನಸಿನಲ್ಲಾದರೂ ಬರುತ್ತದೋ ಇಲ್ಲವೋ. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತೀಯಾ? ನಿದ್ದೆ ಸರಿಯಾಗಿ ಬರುತ್ತದಾ? ಪ್ರಶ್ನೆ ಜಾಸ್ತಿಯಾಯಿತೆಂದು ಬೈಯಬೇಡ. ಕಾಲೇಜಿನವರು ಮೊಬೈಲ್ ಇಟ್ಟುಕೊಳ್ಳಲು ಬಿಡುವುದಿಲ್ಲ. ಭಾನುವಾರ ಹಾಸ್ಟೆಲಿನ ಫೋನಿನಲ್ಲಿ ಸಿಗುವ ಚೂರು ಹೊತ್ತಿನಲ್ಲಿ ನಿನ್ನ ಅಪ್ಪ ಮಾರ್ಕ್ಸ್ ವಿಚಾರಿಸಿ ಮುಗಿಸುವಷ್ಟರಲ್ಲಿ ನನ್ನ ಪಾಲಿಗೆ ಉಳಿಯುವುದು ಒಂದು ಹಲೋ. ಅದಕ್ಕೇ ಪೆನ್ನು ಹಿಡಿದೆ. ಪತ್ರ ಬರೆದು ಎಷ್ಟೋ ವರ್ಷವಾಯಿತು, ಅಕ್ಷರ ಕೋಳಿ ಕೆದರಿದ ಹಾಗಿದೆ, ಹೊಂದಿಸಿಕೊಂಡು ಓದು.

ಮೊದಲು ಗಿಡಗಳ ಸಮಾಚಾರ. ಹೊರಡುವ ಮುಂಚೆ ಕಾಂಪೌಂಡಿನ ಪಕ್ಕದ ಕುಂಡಗಳಲ್ಲಿ ಡೇಲಿಯಾ ಗೆಡ್ಡೆ ಊರಿ, "ತಾತ, ಅಂಗಡಿ ಗೊಬ್ಬರ ಒಂದ್ ಕಾಳೂ ಬೀಳ್ಬಾರ್ದು, ಔಷಧಿ ಹೊಡೀಬಾರ್ದು, ಎಲ್ಲಾ ಆರ್ಗ್ಯಾನಿಕ್" ಎಂದು ನನ್ನಿಂದ ಭಾಷೆ ತೆಗೆದುಕೊಂಡೆಯಲ್ಲ, ಅದನ್ನು ಉಳಿಸಿಕೊಂಡಿದ್ದೇನೆ. ಈ ಮನೆ ನಿಂತಿರುವ ಜಾಗದಲ್ಲೇ ರಾಗಿ, ಅವರೆ ಬೆಳೆದವನಿಗೆ ನೀನು ಗೊಬ್ಬರದ ಪಾಠ ಹೇಳಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಮ್ಮಪ್ಪನ ಕಾಲದಲ್ಲಿ ಎಲ್ಲವೂ ನಿನ್ನ ಆರ್ಗ್ಯಾನಿಕ್ಕೇ, ಆ ಹೆಸರು ಗೊತ್ತಿರಲಿಲ್ಲ ಅಷ್ಟೆ. ಆದರೆ ಹೂವಿಗೆಂದು ಇಷ್ಟು ಒದ್ದಾಡಿದ್ದು ಇದೇ ಮೊದಲು. ಸುಂಕದಕಟ್ಟೆಯಲ್ಲಿ ಹಸು ಸಾಕಿರುವ ನೆಂಟರ ಮನೆಯಿಂದ ಹಳೆಯ ಸಗಣಿ ಗೊಬ್ಬರವನ್ನು ಚೀಲಕ್ಕೆ ತುಂಬಿ ಬಸ್ಸಿನಲ್ಲಿ ತರುತ್ತಿದ್ದರೆ, ಕಂಡಕ್ಟರ್ "ಚೀಲ್ದಲ್ಲಿ ಏನು ಯಜಮಾನ್ರೇ?" ಎಂದ. "ಮೊಮ್ಮಗಳ ಹೂವು" ಎಂದೆ. ಮೂಗು ಮುಚ್ಚಿಕೊಂಡು ಮುಂದಕ್ಕೆ ಹೋದ. ಕಡಲೆಕಾಯಿ ಹಿಂಡಿಯನ್ನು ನೆನೆಸಿಟ್ಟ ದಿನ ಪಕ್ಕದ ಮನೆಯ ಕಮಲಾಕ್ಷಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ, ಸಂಜೆ ಬಂದು "ಏನ್ ಬೈರಪ್ಪೋರೆ, ಮನೇಲಿ ಇಲಿ ಸತ್ತಿದ್ಯಾ?" ಎಂದು ವಿಚಾರಿಸಿಕೊಂಡು ಹೋದರು. ಎಲೆಯ ಮೇಲೆ ಬೂದಿ ರೋಗ ಕಂಡಾಗ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಚಿಮುಕಿಸಿದೆ, ಹಿಡಿತಕ್ಕೆ ಬಂತು. ಮಳೆ ನಿಂತ ಮೇಲೆ ಬಸವನಹುಳುಗಳನ್ನು ಕೈಯಿಂದಲೇ ಆರಿಸುತ್ತೇನೆ. ಕವಲು ಒಡೆಯಲೆಂದು ತುದಿ ಚಿವುಟಬೇಕು ಎಂದಿದ್ದೆಯಲ್ಲ, ಆ ದಿನ ಮಾತ್ರ ಕೈ ಮುಂದಕ್ಕೆ ಹೋಗಲಿಲ್ಲ. ಚೆನ್ನಾಗಿ ಬೆಳೆಯುತ್ತಿರುವುದರ ತಲೆ ತೆಗೆಯುವುದು ಯಾವ ನ್ಯಾಯ ಎಂದು ಗೊಣಗಿಕೊಂಡೇ ಚಿವುಟಿದೆ. ನೀನು ಹೇಳಿದಂತೆಯೇ ಪಕ್ಕದಲ್ಲಿ ಕವಲು ಬಂದವು, ಗೆದ್ದೆ ಬಿಡು.

ಹಳದಿಯದು ಅರಳಿದೆ. ಊಟದ ತಟ್ಟೆಯಷ್ಟು ಎಂದರೆ ತಾತ ಬುರುಡೆ ಬಿಡುತ್ತಾನೆ ಅನ್ನುತ್ತೀಯ, ತಿಂಡಿ ತಟ್ಟೆಯಷ್ಟು ಎಂದು ಬರೆಯುತ್ತೇನೆ. ಹೂವಿನ ಭಾರಕ್ಕೆ ಕಾಂಡ ಬಾಗದಿರಲಿ ಎಂದು ನಿಮ್ಮಮ್ಮನ ಹಳೆಯ ಸೀರೆಯ ಅಂಚು ಹರಿದು ಊರುಗೋಲಿಗೆ ಕಟ್ಟಿದ್ದೇನೆ. ಅದು ಹಳೆಯದಲ್ಲ, ಮೊನ್ನೆ ತಾನೇ ತೊಳೆದಿಟ್ಟದ್ದು ಎಂದು ಶಿಲ್ಪಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಇರಲಿ, ನಾನು ಹೇಳಹೊರಟದ್ದು ಅದಲ್ಲ. ಈ ಹೂವಿನ ವಿಷಯವನ್ನು ಮೊನ್ನೆ ಭಾನುವಾರ ಫೋನಿನಲ್ಲಿ ನಿನಗೆ ಹೇಳಿದೆ. ನೀನು "ಹ್ಞೂಂ" ಎಂದೆ. ಅಷ್ಟೇ. "ಚೆನ್ನಾಗಿದೀನಿ ತಾತ, ಇಡ್ಲಾ?" ಎಂದು ಇಟ್ಟುಬಿಟ್ಟೆ. ಸೇರಿದ ಹೊಸದರಲ್ಲಿ ನಿನ್ನ ಮೊದಲ ಮಾತೇ ಗಿಡದ್ದು. ಬಿಳಿಯದು ಎಷ್ಟುದ್ದ ಆಯ್ತು, ಹಿಂಡಿ ನೀರು ಹಾಕ್ದಾ, ಹುಳ ಬಂತಾ ಎಂದು ಉಸಿರು ಬಿಡದೆ ವಿಚಾರಿಸುತ್ತಿದ್ದೆ. "ಹೆತ್ತೋಳನ್ನ ಒಂದ್ ಮಾತು ಕೇಳಲ್ವಲ್ಲೇ" ಎಂದು ನಿಮ್ಮಮ್ಮ ಪಕ್ಕದಿಂದ ಕೂಗುತ್ತಿದ್ದಳು. ಈಗ ಕೆಲವು ವಾರದಿಂದ ಆ ಸುದ್ದಿಯೇ ಇಲ್ಲ. ನಿಮ್ಮಪ್ಪ ಗಿರಿರಾಜನಿಗೆ ಹೇಳಿದೆ. "ಓದೋ ಕಡೆ ಗಮನ ಬಂದಿದೆ ಬಿಡಪ್ಪ, ಒಳ್ಳೇದೇ ಅಲ್ವಾ" ಎಂದ. ನೀನು ಡಾಕ್ಟರ್ ಆಗುವುದು ನನಗೂ ಬೇಡದ ವಿಷಯವಲ್ಲ. ಆದರೆ ಓದಿನಲ್ಲಿ ಮುಳುಗಿದವಳ ದನಿ ಹಾಗಿರುವುದಿಲ್ಲ ಪುಟ್ಟಿ. ಅದು ಬೇರೆಯವರ ಮನೆಯಲ್ಲಿ ಕೂತು ಮಾತಾಡುವ ದನಿ.

ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪೇಪರ್ ತೆರೆಯುತ್ತೇನೆ, ಮಡಿಸುತ್ತೇನೆ. ಮೆಟ್ರೋ ಸ್ಟೇಷನ್ ತನಕ ನಡೆದು ಹೋಗಿ ಯಾಕೆ ಬಂದೆ ಎಂದು ಗೊತ್ತಾಗದೆ ವಾಪಸ್ ಬರುತ್ತೇನೆ. ಗಂಟೆಗೊಮ್ಮೆ ಕುಂಡಗಳ ಹತ್ತಿರ ಹೋಗಿ ನಿಲ್ಲುತ್ತೇನೆ. ಹಾಗೆ ನಿಂತಿದ್ದಾಗಲೇ ನಿನ್ನೆ ಮೆಟ್ಟಿಲ ಪಕ್ಕದ ಕಡುಗೆಂಪು ಡೇಲಿಯಾ ಕಣ್ಣಿಗೆ ಬಿತ್ತು. ಮೊನ್ನೆಯವರೆಗೆ ಎಲ್ಲಕ್ಕಿಂತ ಹಸಿರಾಗಿದ್ದ ಗಿಡ, ಮೊಗ್ಗು ಕೂಡ ಕಚ್ಚಿತ್ತು. ನಿನ್ನೆ ಬೆಳಗ್ಗೆ ಒಮ್ಮೆಲೇ ತಲೆ ಬಗ್ಗಿಸಿ ನಿಂತಿದೆ. ಬಾಡಿದೆ ಎಂದು ನೀರು ಹಾಕಲು ಹೋದರೆ ಮಣ್ಣು ಆಗಲೇ ಪಿತಿಪಿತಿ ಅನ್ನುತ್ತಿತ್ತು, ಇರುವೆ ಮುತ್ತಿದ್ದವು. ಕುಂಡ ಬೋರಲು ಹಾಕಿದೆ. ಗೆಡ್ಡೆ ಕೊಳೆತು ಗಬ್ಬು ನಾರುತ್ತಿತ್ತು. ನಾನು ಅಳತೆ ನೋಡಿಯೇ ನೀರು ಹಾಕುವವನು, ಇದು ಹೇಗಾಯಿತು ಎಂದು ಕೂಗಾಡಿದಾಗ ನಿಮ್ಮಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ದೇವರ ಅಭಿಷೇಕದ ನೀರನ್ನು ಕಾಲಿಗೆ ಸಿಗುವ ಕಡೆ ಚೆಲ್ಲಬಾರದು ಎಂದು ಅವಳು ತುಳಸಿ ಬುಡಕ್ಕೆ ಹಾಕುತ್ತಿದ್ದದ್ದು ನಿನಗೆ ಗೊತ್ತಲ್ಲ. ತುಳಸಿ ಬೇಸಿಗೆಯಲ್ಲಿ ಒಣಗಿತು. ನೀನು ಹೋದ ಮೇಲೆ ಅವಳು ದಿನಾ ನಿನ್ನ ಹೆಸರಿನಲ್ಲಿ ಒಂದೊಂದು ಚೊಂಬು ಹಾಲು ನೀರು ಅಭಿಷೇಕ ಮಾಡಿ, ಅದಷ್ಟನ್ನೂ ತಂದು ಈ ಕುಂಡಕ್ಕೇ ಸುರಿಯುತ್ತಿದ್ದಳಂತೆ. ಈಚೆಗೆ ಅದು ಎರಡು ಹೊತ್ತಿನದಾಗಿದೆ. "ಮಗೀಗೆ ಒಳ್ಳೇದಾಗ್ಲಿ ಅಂತ ಅಲ್ವಾ ಹುಯ್ತಿದ್ದಿದ್ದು. ಅವಳು ನೆಟ್ಟ ಗಿಡ ಅಂತ್ಲೇ ಅಲ್ವಾ" ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ಮುನಿಲಕ್ಷ್ಮಮ್ಮ ಅಳುವುದನ್ನು ನೀನು ನೋಡಿದ್ದೀಯಾ? ನಾನೂ ಜಾಸ್ತಿ ನೋಡಿಲ್ಲ. ಪಕ್ಕದಲ್ಲೇ ಕೂತೆ. ಯಾಕೆ ಎರಡು ಹೊತ್ತು ಮಾಡಿದೆ ಎಂದರೆ, "ಫೋನಲ್ಲಿ ಅವಳು ನಗಲ್ಲ ಈಗ" ಎಂದಳು. ಅದನ್ನು ಗಮನಿಸಿದವನು ನಾನೊಬ್ಬನೇ ಅಂದುಕೊಂಡಿದ್ದೆ.

ಗಾಬರಿಯಾಗಬೇಡ, ಗೆಡ್ಡೆಯಲ್ಲಿ ಒಂದು ಕಡೆ ಗಟ್ಟಿ ಇತ್ತು, ಮೊಳಕೆ ಬರುವ ಕಣ್ಣೂ ಇತ್ತು. ಕೊಳೆತದ್ದನ್ನು ಕೊಯ್ದು, ಒಲೆ ಬೂದಿ ಸವರಿ, ನೆರಳಿನಲ್ಲಿ ಆರಲು ಇಟ್ಟಿದ್ದೇನೆ. ಬದುಕಿದರೂ ಬದುಕೀತು. ಆದರೆ ಒಂದು ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ದಿನಾ ಅಷ್ಟು ಹತ್ತಿರದಿಂದ ನೋಡುತ್ತಿದ್ದರೂ ಮೇಲಿನಿಂದ ನನಗೆ ಏನೂ ಗೊತ್ತಾಗಲಿಲ್ಲವಲ್ಲ. ನೀನಾದರೋ ಘಟ್ಟದ ಆಚೆ ಇದ್ದೀಯ. ನನಗೆ ಭಯವಾಗುತ್ತಿದೆ ಮಗಳೇ, ಸುಮ್ಮನೆ ಸುತ್ತಿ ಬಳಸಿ ಬರೆದು ಏನು ಪ್ರಯೋಜನ. ಅಲ್ಲಿ ಏನಾದರೂ ಕಷ್ಟವಿದೆಯಾ? ಯಾರಾದರೂ ಏನಾದರೂ ಅಂದರಾ? ಓದು ತಲೆಗೆ ಹತ್ತುತ್ತಿಲ್ಲವಾ? ಹತ್ತದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ನಾಲ್ಕು ಸಾಲು ಬರೆದು ಹಾಕು. ನಿಮ್ಮಪ್ಪನಿಗೆ ತೋರಿಸುವುದಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ಅಜ್ಜಿ ನಿನ್ನ ಕೆನ್ನೆ ಸವರಿ ದೃಷ್ಟಿ ತೆಗೆದಿದ್ದಾಳೆ ಎಂದುಕೋ. ಅಮ್ಮ, ಅಪ್ಪ ನೆನೆಯದ ದಿನವಿಲ್ಲ. ದೇವರು ನಿನ್ನ ಬೆನ್ನಿಗಿರಲಿ, ನಾನಂತೂ ಇದ್ದೇನೆ.

ಇಂತಿ ನಿನ್ನ ತಾತ,
ಬೈರಪ್ಪ

ವಿ.ಸೂ.: ಪತ್ರವನ್ನು ಅಂಚೆ ಡಬ್ಬಕ್ಕೆ ಹಾಕಲಿಲ್ಲ. ಪೋಸ್ಟಾಫೀಸಿನ ತನಕ ಹೋದೆ, ಆದರೆ ಇದು ತಲುಪಿ, ನೀನು ಉತ್ತರ ಬರೆದು, ಅದು ನನಗೆ ಸಿಗುವಷ್ಟು ದಿನ ನನ್ನ ಕೈಯಲ್ಲಿ ತಡೆಯಲಾಗುವುದಿಲ್ಲ ಅನ್ನಿಸಿತು. ಇವತ್ತು ಬುಧವಾರ, ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಮಂಗಳೂರು ಬಸ್ಸು ಹತ್ತಿದೆ. ಅಜ್ಜಿಗೆ ಮಾತ್ರ ಗೊತ್ತು. ಅವಳೇ ಚಿತ್ರಾನ್ನ ಕಟ್ಟಿಕೊಟ್ಟು "ಮಗೀನ್ ಮುಖ ನೋಡ್ಕೊಂಡೇ ಬನ್ನಿ" ಎಂದಳು. ಈಗ ನಿಮ್ಮ ಹಾಸ್ಟೆಲಿನ ಗೇಟಿನ ಎದುರು ಕಟ್ಟೆಯ ಮೇಲೆ ಕೂತು ಈ ಸಾಲು ಬರೆಯುತ್ತಿದ್ದೇನೆ. ಇವತ್ತು ಭೇಟಿಯ ದಿನವಲ್ಲವಂತೆ, ಹುಡುಗಿ ಒಪ್ಪಿದರೆ ವಾರ್ಡನ್ ಮೇಡಂ ಐದು ನಿಮಿಷ ಬಿಡುತ್ತಾರೆ ಎಂದು ವಾಚ್‌ಮನ್ ಹೇಳಿದ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ನೀನು ಇಲ್ಲೇ ಇರುತ್ತೇನೆ ಎಂದರೆ ಬೆನ್ನು ತಟ್ಟಿ ಹೋಗುತ್ತೇನೆ. ಮನೆಗೆ ಬರುತ್ತೇನೆ ಎಂದರೆ ಬ್ಯಾಗು ತಾ, ನಿಮ್ಮಪ್ಪನಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ. ಚೆನ್ನಾಗಿದ್ದೇನೆ ಎಂದು ಚೀಟಿಯಲ್ಲಿ ಬರೆದು ಮಾತ್ರ ಕಳಿಸಬೇಡ. ಕೆಳಗೆ ಇಳಿದು ಬಂದು, ನನ್ನ ಮುಖ ನೋಡಿಕೊಂಡು ಹೇಳು.